ಕ್ಷೌರದ ಕತ್ತಿಯ ಧಾರೆ

ಮಲೆಯ ಮಹದೇಶ್ವರನಿಗೆ ಮುಡಿ ಕೊಡುವ ಹರಕೆ ಹೊತ್ತವರು ಕೊಳ್ಳೇಗಾಲವನ್ನು ಬಿಟ್ಟು, ಹನೂರು ಕೌದಳ್ಳಿಗಳನ್ನು ಹಾದು, ತಾಳಬೆಟ್ಟದ ತಿರುವುಗಳನ್ನೇರಿ ಕ್ಷೇತ್ರವನ್ನು ಸೇರಿದ ಮೇಲೆ, ಅಂತರಗಂಗೆಯಲ್ಲಿ ಮಿಂದು ಸ್ವಾಮಿಯ ಮುಂದೆ ನಿಲ್ಲುವುದಕ್ಕೆ ಮುಂಚೆ ತಲೆಬಾಗಿ ಕುಳಿತುಕೊಳ್ಳುವುದು ಕ್ಷೌರಿಕನ ಎದುರಿಗೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಜಾತ್ರೆಗಳಲ್ಲಿ ಕೂಸಿನ ಎಳೆಯ ನೆತ್ತಿಯಿಂದ ಮುದುಕರ ಸುಕ್ಕುಗಟ್ಟಿದ ಕಪಾಲದವರೆಗೆ ಸಾಲುಸಾಲಾಗಿ ಬಂದು ಕೂರುವ ತಲೆಗಳ ಮೇಲೆ, ಒಂದು ಗೀರೂ ಬೀಳದಂತೆ ನಡೆಯಬೇಕಾದ ಅಲಗಿಗೆ ಎಂಥ ಆರೈಕೆ ಸಲ್ಲುತ್ತಿದ್ದಿತೆಂಬುದನ್ನು, ಇಂದು ಬ್ಲೇಡು ಮುರಿದು ಸಿಕ್ಕಿಸಿಕೊಳ್ಳುವ ಕಾಲದಲ್ಲಿ, ನಾವು ಬಹುಮಟ್ಟಿಗೆ ಮರೆತಿದ್ದೇವೆ. ಮಡಿಸುವ ಹಿಡಿಯ ಹಳೆಯ ಕ್ಷೌರದ ಕತ್ತಿಯನ್ನೂ, ಅದನ್ನು ಮಸೆದು ಕಾಪಾಡುವ ವಿದ್ಯೆಯನ್ನೂ ಪರಿಚಯಿಸುವುದು ಈ ಬರಹದ ಉದ್ದೇಶ.

ಕೊಳ್ಳೇಗಾಲ ಸೀಮೆಗೆ ಕಬ್ಬಿಣದ ನೆನಪು ಹೊಸದಲ್ಲ. ಇದೇ ಸೀಮೆಯ ಚಿಕ್ಕಲ್ಲೂರಿನಲ್ಲಿ ಯಾರ ಗದ್ದುಗೆಗೆ ಪುಷ್ಯದ ಹುಣ್ಣಿಮೆಯಂದು ಜನ ನೆರೆಯುವರೋ ಆ ಸಿದ್ದಪ್ಪಾಜಿಯು ಪಾಂಚಾಳರ, ಎಂದರೆ ಕಮ್ಮಾರರ, ಮನೆಯ ಮಗನೆಂದೂ, ಗುರು ಮಂಟೇಸ್ವಾಮಿಯ ಅಪ್ಪಣೆಯಂತೆ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋದನೆಂದೂ ಆ ಪರಂಪರೆಯ ಹಾಡುಗಾರರಾದ ನೀಲಗಾರರು ಇಂದಿಗೂ ರಾತ್ರಿಯಿಡೀ ಹಾಡುತ್ತಾರೆ. ಇನ್ನು ಚರಿತ್ರೆಯ ಮಾತಿಗೆ ಬಂದರೆ, 1800ರಲ್ಲಿ ಮೈಸೂರು ರಾಜ್ಯವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆಗೆ ತಂಗಡಿ, ಅಂದರೆ ಆವರಿಕೆ ಗಿಡದ ಕಡ್ಡಿಯನ್ನಿಟ್ಟು ಬಾಯಿ ಮೆತ್ತಿ ಕಾಯಿಸಿ ಉಕ್ಕು ಮಾಡುತ್ತಿದ್ದ ಕ್ರಮವನ್ನು ಬರೆದಿಟ್ಟಿದ್ದಾನೆ. ಗಿಡದ ಇದ್ದಲಿನ ಅಂಶವು ಕಬ್ಬಿಣದೊಳಗೆ ಇಳಿದು ಅದನ್ನು ಉಕ್ಕಾಗಿ ಗಡುಸುಗೊಳಿಸುತ್ತಿದ್ದಿತು. ದಕ್ಷಿಣ ಭಾರತದ ಇಂಥ ಉಕ್ಕು ಲಂಡನ್ನಿಗೆ ಹೋಗಿ, ವಿಜ್ಞಾನಿ ಮೈಕೇಲ್ ಫ್ಯಾರಡೆಯು ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತಿ ತಯಾರಕನೊಡನೆ ಕೂಡಿ ಅದನ್ನು ಪರೀಕ್ಷಿಸಿ, 1820ರಲ್ಲಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಬಂಧವನ್ನು ಪ್ರಕಟಿಸಿದನಲ್ಲದೆ, ಆ ಲೋಹಗಳಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಕಾಣಿಕೆಯಾಗಿ ಕಳುಹಿಸಿದನು. ಮುಂದೆ ಇಂಗ್ಲೆಂಡಿನ ಷೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಎಂಬ ಎರಡು ಊರುಗಳ ಮುದ್ರೆಯೊಡನೆ ಕ್ಷೌರದ ಕತ್ತಿಗಳು ಲೋಕವನ್ನೆಲ್ಲ ವ್ಯಾಪಿಸಿದುವು.

ಕತ್ತಿಯ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆನ್ನು ದಪ್ಪ, ಬಾಯಿ ತೆಳು. ಇವೆರಡರ ನಡುವೆ ಎರಡೂ ಮಗ್ಗುಲುಗಳು ಒಳಕ್ಕೆ ಬಾಗಿ ಸವೆದಿರುತ್ತವೆ. ಸಾಮಾನ್ಯವಾದ ಕತ್ತಿಯ ಅಗಲ ಒಂದು ಅಂಗುಲದ ಎಂಟರಲ್ಲಿ ಐದು ಭಾಗ, ಎಂದರೆ ಸುಮಾರು 16 ಮಿಲಿಮೀಟರು. ಕಲ್ಲಿನ ಮೇಲೆ ಇದನ್ನು ಚಪ್ಪಟೆಯಾಗಿ ಮಲಗಿಸಿದಾಗ ಬೆನ್ನೂ ಬಾಯಿಯೂ ಏಕಕಾಲದಲ್ಲಿ ಕಲ್ಲನ್ನು ಮುಟ್ಟಿ, ನಡುವಣ ಹಳ್ಳ ಮಾತ್ರ ಮೇಲೆ ಉಳಿಯುತ್ತದೆ. ಅಡುಗೆಮನೆಯ ಚಾಕುವನ್ನು ಮಸೆಯುವವನು ಕೋನವನ್ನು ತನ್ನ ಮಣಿಕಟ್ಟಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಕ್ಷೌರದ ಕತ್ತಿಯಲ್ಲಾದರೋ ಬೆನ್ನಿನ ದಪ್ಪವೇ ಆ ಕೋನವನ್ನು 16-17 ಡಿಗ್ರಿಗಳಿಗೆ ಸ್ಥಿರಪಡಿಸಿರುತ್ತದೆ. ಇದನ್ನು ಕಲ್ಪಿಸಿದ ಕುಶಲಿ ಯಾವನೋ ತಿಳಿಯದು. ನಾನಂತೂ ಅವನನ್ನು ದೊಡ್ಡ ಜ್ಯಾಮಿತಿಜ್ಞನೆಂದೇ ಎಣಿಸುತ್ತೇನೆ.

ಮಸೆಯುವ ಕೆಲಸಕ್ಕೆ ಬೇಕಾದವು ಸಮತಟ್ಟಾದ ಕಲ್ಲು, ನೀರು, ಒತ್ತದ ಕೈ. ಬಾಯಿ ಹಾಳಾಗಿದ್ದರೆ 1000 ಸಂಖ್ಯೆಯ ತರಿಕಲ್ಲಿನಲ್ಲಿ ಮೊದಲು ಎರಡು ಮಗ್ಗುಲಿನ ಇಳಿಜಾರುಗಳೂ ಬಾಯಿಯಲ್ಲಿ ಕೂಡುವಂತೆ ಮಾಡಿ, ಅಲ್ಲಿಂದ 4000, 8000, 12000 ಎಂದು ನುಣುಪಾಗುತ್ತ ಹೋಗುವ ಕಲ್ಲುಗಳಿಗೆ ದಾಟಬೇಕು. ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಗಳಲ್ಲಿ ದೊರೆಯುವ, ಸೂಕ್ಷ್ಮವಾದ ಗಾರ್ನೆಟ್ ಹರಳುಗಳನ್ನೊಳಗೊಂಡ ಹಳದಿ ಕಲ್ಲಿಗೂ, ಜಪಾನಿನ ಕ್ಯೋಟೋ ಸುತ್ತಿನ ಗಣಿಗಳ ಕಲ್ಲಿಗೂ ಬಲ್ಲವರಲ್ಲಿ ವಿಶೇಷ ಮರ್ಯಾದೆಯಿದೆ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಕತ್ತಿ ಚಲಿಸುತ್ತದೆ. ಕಲ್ಲು ಅಲಗಿಗಿಂತ ಕಿರಿದಾಗಿರುವುದರಿಂದ, ಹಿಡಿಯ ಬಳಿಯಿಂದ ತುದಿಯವರೆಗೆ ಧಾರೆಯ ಎಲ್ಲ ಭಾಗಕ್ಕೂ ಸಮನಾದ ಸ್ಪರ್ಶ ದೊರೆಯುವಂತೆ ಪ್ರತಿ ಎಳೆತವೂ ಓರೆಯಾಗಿ ಸಾಗಬೇಕು. ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ಮತ್ತೊಂದು ಮಗ್ಗುಲನ್ನು ಹಿಂದಕ್ಕೆ ತರಬೇಕು. ಆರಂಭದಲ್ಲಿ ಅಲಗಿನ ಮುಂದೆ ಹಿಂಜರಿಯುತ್ತಿದ್ದ ನೀರು, ಧಾರೆ ಕೂಡಿಬಂದಂತೆಲ್ಲ ಬಾಯಿಯನ್ನೇರಿ ಕತ್ತಿಯ ಮೇಲ್ಮೈಗೆ ಹತ್ತತೊಡಗುತ್ತದೆ. ಪಳಗಿದವನು ಆ ನೀರಿನ ನಡೆಯನ್ನು ನೋಡಿಯೇ ಕೆಲಸ ಎಲ್ಲಿಗೆ ಬಂದಿದೆಯೆಂದು ಹೇಳಬಲ್ಲನು. ಕೊನೆಯ ಕೆಲವು ಎಳೆತಗಳಲ್ಲಿ ಕತ್ತಿಯ ಸ್ವಂತ ಭಾರವಲ್ಲದೆ ಬೇರೆ ಭಾರ ಬೀಳಕೂಡದು.

ಇಷ್ಟಾದರೂ ಮುಖದ ಮೇಲೆ ಇಡುವ ಯೋಗ್ಯತೆ ಕತ್ತಿಗೆ ಬಂದಂತಲ್ಲ. ಅದನ್ನು ಕೊಡುವುದು ತೊಗಲಪಟ್ಟಿ. ಮೊದಲು ದಪ್ಪ ಬಟ್ಟೆಯ ಮೇಲೆ, ಆಮೇಲೆ ನಯವಾದ ತೊಗಲಿನ ಮೇಲೆ, ಈ ಸಲ ಬೆನ್ನು ಮುಂದಾಗಿ ಬಾಯಿ ಹಿಂದಾಗಿ, ಕತ್ತಿಯನ್ನು ಎಳೆದು, ಬೆನ್ನಿನ ಮೇಲೆ ಹೊರಳಿಸಿ, ಮತ್ತೆ ಎಳೆಯುವರು. ಬಾಯಿಯ ಕಡೆಗೆ ಹೊರಳಿಸಿದರೆ ತೊಗಲೂ ಹೋಯಿತು, ಧಾರೆಯೂ ಹೋಯಿತು. ಕಲ್ಲಿನ ಸರದಿ ಕೆಲವು ತಿಂಗಳಿಗೊಮ್ಮೆ ಬಂದೀತು; ತೊಗಲಿನ ಸರದಿ ಪ್ರತಿ ಕ್ಷೌರಕ್ಕೂ ತಪ್ಪದು. ಉಕ್ಕಿಗೆ ಬೇಕಾಗಿದ್ದ ಅದೇ ತಂಗಡಿಯ ತೊಗಟೆಯಿಂದಲೇ ದಕ್ಷಿಣದೇಶದಲ್ಲಿ ತೊಗಲನ್ನು ಹದಮಾಡುತ್ತಿದ್ದರು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನಿಗೆ ದೊಡ್ಡ ತೊಗಲ ಪಾದುಕೆಗಳನ್ನು ಹೊಲಿದು ಭಕ್ತಿಯಿಂದ ಅರ್ಪಿಸುವ ಸಂಪ್ರದಾಯವನ್ನು ಉಳಿಸಿಕೊಂಡಿರುವ ಈ ನಾಡಿಗೆ ತೊಗಲಿನ ಗುಣವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಸುಶ್ರುತಸಂಹಿತೆಯ ಪ್ರಸ್ತಾಪವನ್ನು ಮಾಡದೆ ಮುಂದೆ ಹೋಗಲಾರೆ. ಅದರ ಸೂತ್ರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಶಸ್ತ್ರಗಳನ್ನು ಮಸೆಯಲು ಉದ್ದಿನ ಬಣ್ಣದ ನುಣುಪಾದ ಶಿಲೆಯನ್ನೂ, ಧಾರೆಯನ್ನು ನಿಲ್ಲಿಸಲು ಶಾಲ್ಮಲಿಯ ಹಲಗೆಯನ್ನೂ ಆಚಾರ್ಯನು ವಿಧಿಸುತ್ತಾನೆ. ಚೆನ್ನಾಗಿ ಮಸೆದ ಶಸ್ತ್ರವು ಕೂದಲನ್ನು ಕತ್ತರಿಸುವಂತಿರಬೇಕೆಂಬುದು ಅವನ ಪರೀಕ್ಷೆ. ಶಾಲ್ಮಲಿಯೆಂದರೆ ಶಿವರಾತ್ರಿಯ ವೇಳೆಗೆ ಎಲೆಯುದುರಿಸಿ ಕೆಂಪು ಹೂವಿನಿಂದ ತುಂಬಿ ನಿಲ್ಲುವ ನಮ್ಮ ಕಾಡಿನ ಬೂರುಗ. ಕಲ್ಲು ಧಾರೆಯನ್ನು ಹುಟ್ಟಿಸುತ್ತದೆ, ಅದನ್ನು ನಿಲ್ಲಿಸುವುದಕ್ಕೆ ಬೇರೊಂದು ಮೃದುವಾದ ಪದಾರ್ಥ ಬೇಕು ಎಂಬ ಈ ವಿವೇಕವನ್ನು ಶಸ್ತ್ರವೈದ್ಯನೂ ಕ್ಷೌರಿಕನೂ ಸಮವಾಗಿ ಹಂಚಿಕೊಂಡಿದ್ದರೆಂಬುದನ್ನು ನೆನೆದಾಗ, ಮುಡಿ ತೆಗೆಯುತ್ತ, ಮದುವೆ ಉತ್ಸವಗಳಲ್ಲಿ ಓಲಗ ನುಡಿಸುತ್ತ ಬಂದ ಸವಿತಾ ಸಮಾಜದವರ ಈ ವಿದ್ಯೆಯನ್ನು ನಮ್ಮ ಸಮಾಜವು ಕೀಳೆಂದು ಎಣಿಸಿದ್ದು ಎಷ್ಟು ದೊಡ್ಡ ಅನ್ಯಾಯವೆಂದು ಮನಸ್ಸು ನೋಯುತ್ತದೆ.

ಕೂದಲು ಉಕ್ಕಿಗಿಂತ ಐವತ್ತು ಪಾಲು ಮೆತ್ತಗಿರುವಾಗ ಧಾರೆ ಮೊಂಡಾಗುವುದೇಕೆ? 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಸೂಕ್ಷ್ಮದರ್ಶಕದ ಕೆಳಗೆ ಕೂದಲು ಕೊಯ್ದು ನೋಡಿ, ಬಾಗಿದ ಕೂದಲು ಅಲಗಿನ ಮಗ್ಗುಲಿಗೆ ಒತ್ತಿದಾಗ ಉಕ್ಕಿನ ರಚನೆ ಏಕರೂಪವಾಗಿಲ್ಲದ ಎಡೆಯಲ್ಲಿ ಅತಿಸಣ್ಣ ಚೂರುಗಳು ಒಡೆದುಹೋಗುವುದೆಂದು ಕಂಡರು. ಬಿಸಿನೀರಿನಿಂದ ಕೂದಲನ್ನು ಮೊದಲು ಚೆನ್ನಾಗಿ ನೆನೆಸಿ ಮೆತ್ತಗೆ ಮಾಡಿಕೊಳ್ಳಬೇಕೆಂಬ ಹಳೆಯ ಕ್ಷೌರಿಕರ ಕಟ್ಟಳೆಯು ಚರ್ಮಕ್ಕೆ ಹೇಗೋ ಹಾಗೆಯೇ ಕತ್ತಿಗೂ ಹಿತವಾದುದು.

ಬಿಸಾಡುವ ಬ್ಲೇಡನ್ನು 1903ರಲ್ಲಿ ಮಾರಲಾರಂಭಿಸಿದ ಜಿಲೆಟ್ ಕಂಪನಿ ಆ ವರ್ಷ ಮಾರಿದ್ದು 51 ರೇಜರುಗಳನ್ನು ಮಾತ್ರ. ಮನೆಗಳಿಂದ ಹಳೆಯ ಕತ್ತಿಯನ್ನು ಹೊರಡಿಸಿದ್ದು ಅದರ ಸಂತತಿಯೇ. ಕ್ಷೌರದಂಗಡಿಗಳಲ್ಲಿ ಉಳಿದಿದ್ದ ಕತ್ತಿಯಾದರೋ, 1986ರಲ್ಲಿ ಮದರಾಸಿನಲ್ಲಿ ಎಚ್‌ಐವಿ ಸೋಂಕು ಪತ್ತೆಯಾದ ಮೇಲೆ, ರಕ್ತದ ಮೂಲಕ ಹರಡುವ ರೋಗಗಳ ಅರಿವು ಬೆಳೆದಂತೆಲ್ಲ ಹಿಂದೆ ಸರಿದು, ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಗೆ ತನ್ನ ಜಾಗವನ್ನು ಬಿಟ್ಟುಕೊಟ್ಟಿತು. ಹಲವರ ತಲೆಗೆ ಒಂದೇ ಅಲಗು ಸಲ್ಲದೆಂಬುದು ಸರಿಯಾದ ಮಾತೇ. ಒಬ್ಬನ ಗಡ್ಡಕ್ಕೆ ಒಂದು ಕತ್ತಿಯಿಟ್ಟುಕೊಳ್ಳುವುದಕ್ಕೆ ಅದರಿಂದೇನೂ ಬಾಧಕವಿಲ್ಲ.

ಅಜ್ಜನ ಪೆಟ್ಟಿಗೆಯಲ್ಲಿ ಇಂಥದೊಂದು ದೊರೆತವರಿಗೆ ಎರಡು ಮಾತು ಹೇಳಬೇಕು. ತಿರುಗುವ ಸಾಣೆಚಕ್ರಕ್ಕೆ ದಯವಿಟ್ಟು ಒಡ್ಡಬೇಡಿರಿ. ಉಜ್ಜಿದ ಬಿಸಿಗೆ ಅಲಗು ನೀಲಿಗಟ್ಟಿದರೆ ಉಕ್ಕಿನ ಹದ ಕೆಟ್ಟಿತೆಂದೇ ಅರ್ಥ, ಆಮೇಲೆ ಯಾವ ಕಲ್ಲಿನಿಂದಲೂ ಧಾರೆ ನಿಲ್ಲದು. ಮೇಲಿನ ತುಕ್ಕು ಹೋಗಬಹುದು. ಬಾಯಿಯಲ್ಲಿ ಬಿರುಕಿದ್ದರೆ ಆ ಕತ್ತಿಯನ್ನು ಮುಖಕ್ಕೆ ತರಬಾರದು. ಬಳಸಿದ ಮೇಲೆ ಕೀಲಿನ ಸಂದಿಯವರೆಗೂ ಒರಸಿ ಒಣಗಿಸಿ ತೆಳುವಾಗಿ ಎಣ್ಣೆ ಸವರಿ ಇಡತಕ್ಕದ್ದು. ಹಿಡಿ ಕೊಂಬಿನದಾದರೆ ಚಿಂತೆಯಿಲ್ಲ. ಹಳೆಯ ಸೆಲ್ಯುಲಾಯ್ಡಿನದಾದರೆ ಅದು ಮುದಿಯಾಗಿ ಕೊಳೆಯುವಾಗ ಹೊರಡುವ ಆಮ್ಲದ ಆವಿಯು ಮಡಿಸಿಟ್ಟ ಅಲಗನ್ನು ಒಳಗೊಳಗೇ ತಿಂದುಹಾಕುತ್ತದೆ. ಅಂಥ ಹಿಡಿಯನ್ನು ಬಿಚ್ಚಿಸಿ, ಬೀಟೆಯದೋ ಕೊಂಬಿನದೋ ಹೊಸ ಹಿಡಿಯನ್ನು ಹಿತ್ತಾಳೆಯ ಮೊಳೆಯಿಂದ ಕೂಡಿಸಿದರೆ, ಷೆಫೀಲ್ಡಿನಲ್ಲಿ ನೂರು ವರ್ಷದ ಹಿಂದೆ ಹದಗೊಂಡ ಉಕ್ಕು ಇನ್ನೂ ಒಂದೆರಡು ತಲೆಮಾರಿನ ಗಡ್ಡವನ್ನು ನಿರಾತಂಕವಾಗಿ ತೆಗೆಯಬಲ್ಲುದು.