ತುಟಿ ಎಚ್ಚರಾದ ಮೇಲೆ

ಟ್ರಂಪೆಟ್ಟನ್ನು ಪೂರ್ತಿ ಕಳಚಿ ಮೇಜಿನ ಮೇಲೆ ಹರಡಿ ನೋಡಿ. ಸದ್ದು ಹುಟ್ಟುವ ಭಾಗ ಇದು ಎಂದು ಬೆರಳಿಟ್ಟು ತೋರಿಸಲು ಏನೂ ಸಿಗುವುದಿಲ್ಲ. ಪಿಟೀಲಿಗೆ ತಂತಿಯಿದೆ, ನಾಗಸ್ವರಕ್ಕೆ ಸೀವಾಳಿಯಿದೆ, ಸ್ಯಾಕ್ಸೊಫೋನಿಗೆ ರೀಡ್ ಇದೆ. ಇಲ್ಲಿರುವುದು ಒಂದೂವರೆ ಮೀಟರಿಗೆ ತುಸು ಕಡಿಮೆ ಉದ್ದದ, ಮಡಚಿ ಸುತ್ತಿದ ಹಿತ್ತಾಳೆಯ ಕೊಳವೆ, ಮೂರು ಗುಂಡಿ, ಒಂದು ತುದಿಯಲ್ಲಿ ಪುಟ್ಟ ಬಟ್ಟಲಿನಾಕಾರದ ಮೌತ್‌ಪೀಸ್, ಇನ್ನೊಂದು ತುದಿಯಲ್ಲಿ ಅರಳಿದ ಬೆಲ್, ಅಷ್ಟೆ. ನಡುಗಿ ನಾದ ಕೊಡಬೇಕಾದದ್ದು ನುಡಿಸುವವರ ಮುಖದಲ್ಲೇ ಇದೆ: ಎರಡು ತುಟಿ. ರೀಡ್ ಸೀಳಿದರೆ ಅಂಗಡಿಯಿಂದ ಹೊಸದು ತರಬಹುದು. ತುಟಿ ಮಾತ್ರ ಹುಟ್ಟುವಾಗ ಬಂದದ್ದೊಂದೇ ಜತೆ.

ಉಡುಪಿ ಜಿಲ್ಲೆಯವರಿಗೆ ಈ ವಾದ್ಯದ ಸದ್ದು ಹೊಸದಲ್ಲ. ಇಗರ್ಜಿಯ ಸಾಂತ್‌ಮಾರಿ, ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಕ್ರೈಸ್ತರ ಮನೆಯ ಮದುವೆ, ಎಲ್ಲ ಕಡೆಯೂ ಬ್ರಾಸ್ ಬ್ಯಾಂಡ್ ಇದ್ದೇ ಇರುತ್ತದೆ. ಕಾರ್ಕಳದ ಅತ್ತೂರಿನಲ್ಲಿ 1759ರಷ್ಟು ಹಿಂದೆ ನೆಲೆಗೊಂಡ ಸಂತ ಲಾರೆನ್ಸರ ಇಗರ್ಜಿ 2016ರಲ್ಲಿ ಬಸಿಲಿಕಾ ಆಯಿತು. ಜನವರಿಯ ಕೊನೆಗೆ ಅಲ್ಲಿ ಹಬ್ಬದ ಜನಸಾಗರ. ಮೆರವಣಿಗೆಯಲ್ಲಿ ನಡೆಯುತ್ತ, ಬಿಸಿಲಲ್ಲಿ, ಧೂಳಿನಲ್ಲಿ, ನೆಲದ ಉಬ್ಬುತಗ್ಗಿಗೆ ಹಲ್ಲಿಗೆ ತಾಗುವ ಮೌತ್‌ಪೀಸ್ ಹಿಡಿದು ಟ್ರಂಪೆಟ್ ಊದುವುದೆಂದರೆ ಸಣ್ಣ ಕೆಲಸವಲ್ಲ. ನಮಗೆ ಕೇಳಿಸುವುದು ಹಾಡು ಮಾತ್ರ. ಆ ಹಾಡಿಗೆ ಮೊದಲು ಬೆಳಿಗ್ಗೆ ಅರ್ಧ ಗಂಟೆ ನಡೆದಿರಬೇಕಾದ ಕೆಲಸ ಯಾರ ಕಿವಿಗೂ ಬೀಳುವುದಿಲ್ಲ. ನನಗೆ ಹಾಡಿಗಿಂತ ಆ ಅರ್ಧ ಗಂಟೆಯ ಮೇಲೇ ಹೆಚ್ಚು ಮೋಹ.

ವಾರ್ಮ್‌ಅಪ್ ಎನ್ನುತ್ತಾರಲ್ಲ, ಬೆಚ್ಚಗಾಗಬೇಕಾದದ್ದು ಏನು? ಚಳಿಯ ದೇಶಗಳಲ್ಲಿ ಮೊದಲ ಉತ್ತರ ವಾದ್ಯವೇ. 20 ಡಿಗ್ರಿಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡಿದರೆ 30 ಡಿಗ್ರಿಯಲ್ಲಿ 349. ಕೊಳವೆಯೊಳಗಿನ ಗಾಳಿ ತಣ್ಣಗಿದ್ದಷ್ಟೂ ಶ್ರುತಿ ಇಳಿದಿರುತ್ತದೆ. ಉಸಿರು ತಾಗಿ ಬೆಚ್ಚಗಾಗುತ್ತ ಬಂದ ಹಾಗೆ ಏರುತ್ತದೆ. ನಮ್ಮ ಕರಾವಳಿಯಲ್ಲಿ ಈ ತಾಪತ್ರಯ ಕಡಿಮೆ, ಪೆಟ್ಟಿಗೆ ತೆರೆಯುವಾಗಲೇ ಹಿತ್ತಾಳೆ ಬೆಚ್ಚಗಿರುತ್ತದೆ. ಬಿಸಿಲಲ್ಲಿ ನಿಂತರೆ ಶ್ರುತಿ ಏರಿಯೇ ಹೋಗುತ್ತದೆ, ಆಗ ಟ್ಯೂನಿಂಗ್ ಸ್ಲೈಡನ್ನು ಚೂರು ಹೊರಗೆಳೆದು ಕೊಳವೆ ಉದ್ದ ಮಾಡಿಕೊಳ್ಳಬೇಕು. ಹೀಗಾಗಿ ಇಲ್ಲಿ ವಾರ್ಮ್‌ಅಪ್ ಎಂದರೆ ನೂರಕ್ಕೆ ನೂರು ತುಟಿಯ ವಿಷಯ, ಉಸಿರಿನ ವಿಷಯ.

ಕಂಬಳಕ್ಕೆ ತಂದ ಕೋಣಗಳನ್ನು ಲಾರಿಯಿಂದ ಇಳಿಸಿದ ಕೂಡಲೇ ಕರೆಗೆ ಬಿಡುವವರಿಲ್ಲ. ಒಂದಷ್ಟು ಹೊತ್ತು ನಡೆಸಿ, ಮೈ ಸಡಿಲ ಮಾಡಿಸಿ, ಆಮೇಲೆ ಓಟ. ಬಾಯಿಯ ಸುತ್ತ ಉಂಗುರದಂತಿರುವ ಸ್ನಾಯುವಿಗೂ ಇದೇ ಮರ್ಯಾದೆ ಸಲ್ಲಬೇಕು. ತಿಂಡಿ ತಿನ್ನಲು, ಮಾತಾಡಲು, ಶಿಳ್ಳೆ ಹಾಕಲು ಇರುವ ಆ ಸ್ನಾಯುವನ್ನು ಟ್ರಂಪೆಟ್ ಸೆಕೆಂಡಿಗೆ ನೂರಾರು ಸಲ ತೆರೆದು ಮುಚ್ಚುವ ಬಾಗಿಲು ಕಾಯುವುದಕ್ಕೆ ಹಚ್ಚುತ್ತದೆ. ಮಧ್ಯ ಸ್ಥಾಯಿಯ ಸ್ವರಕ್ಕೇ ಸುಮಾರು ನಾನೂರು ಸಲ.

ಕೆಲಸ ವಾದ್ಯವಿಲ್ಲದೆ ಶುರುವಾಗುತ್ತದೆ. ಮೊದಲು ಬಾಯಿ ಸಡಿಲ ಬಿಟ್ಟು, ಕುದುರೆ ಕೆನೆಯುವಾಗಿನಂತೆ ತುಟಿ ಪಟಪಟ ಅನ್ನಿಸುವುದು. ಅದು ತುಟಿಗೆ ರಕ್ತ ಹರಿಸಲಿಕ್ಕೆ. ಆಮೇಲೆ ಮೌತ್‌ಪೀಸನ್ನು ಮಾತ್ರ ಕೈಗೆತ್ತಿಕೊಂಡು ತುಟಿ ಸೇರಿಸಿ ಊದುವುದು. ಹೊರಡುವ ಸದ್ದು ಚಂದದ್ದಲ್ಲ, ದೊಡ್ಡ ದುಂಬಿಯೊಂದು ಡಬ್ಬದಲ್ಲಿ ಸಿಕ್ಕಿಬಿದ್ದ ಹಾಗೆ. ಆದರೆ ಆ ಗುಂಯ್‌ಗುಡುವಿಕೆಯನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಎಲ್ಲೂ ಕಡಿಯದಂತೆ ಜಾರಿಸಬೇಕು. ಎಲ್ಲಿ ಕಡಿಯುತ್ತದೋ ಅಲ್ಲಿ ಇವತ್ತು ತುಟಿಗೆ ಬಿಗಿತವಿದೆ ಎಂದು ಗೊತ್ತಾಯಿತು. ಕೆಲವರು ಮೌತ್‌ಪೀಸಿನಲ್ಲೇ ಒಂದು ಗೊತ್ತಿರುವ ಭಜನೆಯನ್ನೋ ಕೀರ್ತನೆಯನ್ನೋ ಊದಿಬಿಡುತ್ತಾರೆ. ಇದು ಬಹಳ ಒಳ್ಳೆಯ ಅಭ್ಯಾಸ. ಅದರ ಕಾರಣ ತಿಳಿಯಬೇಕಾದರೆ ಕೊಳವೆಯ ಗುಟ್ಟು ಸ್ವಲ್ಪ ಬಿಡಿಸಬೇಕಾಗುತ್ತದೆ.

ನಮ್ಮ ದೇವಸ್ಥಾನಗಳ ಬಲಿ ಉತ್ಸವದಲ್ಲಿ ಬಾಗಿದ ಕೊಂಬು, ನೇರವಾದ ಕಹಳೆ ಊದುವುದನ್ನು ಎಲ್ಲರೂ ನೋಡಿದ್ದೇವೆ. ಅವುಗಳಿಗೆ ರಂಧ್ರವಿಲ್ಲ, ಗುಂಡಿಯಿಲ್ಲ. ಆದರೂ ಒಂದಲ್ಲ, ಹಲವು ಸ್ವರ ಬರುತ್ತದೆ. ತುಟಿಯ ಬಿಗಿ ಹೆಚ್ಚಿಸುತ್ತ ಹೋದರೆ ಒಂದೇ ಕೊಳವೆ ಮೆಟ್ಟಿಲು ಹತ್ತುತ್ತದೆ. ಟ್ರಂಪೆಟ್ಟಿನ ಮೂರೂ ಗುಂಡಿ ಮುಟ್ಟದೆ ಊದಿದರೆ ಆಗುವುದೂ ಇದೇ, ಅಷ್ಟರ ಮಟ್ಟಿಗೆ ಅದು ಕೊಂಬಿನ ತಮ್ಮ. ಅದರ ಮೆಟ್ಟಿಲುಗಳನ್ನು ನಮ್ಮ ಸ್ವರದಲ್ಲಿ ಹೇಳುವುದಾದರೆ: ಸ, ಪ, ಮೇಲಿನ ಸ, ಅಂತರ ಗಾಂಧಾರ, ಪ, ಚೂರು ಇಳಿದ ಕೈಶಿಕಿ ನಿಷಾದ, ಅದರಾಚೆಯ ಸ. ಗಾಂಧಾರವೂ ಹಾರ್ಮೋನಿಯಂನ ಗಾಂಧಾರಕ್ಕಿಂತ ಕೂದಲೆಳೆಯಷ್ಟು ತಗ್ಗಿನದು, ತಂಬೂರಿಯ ನಾದದೊಳಗೆ ಕೇಳಿಸುವ ಗಾಂಧಾರದ ಹಾಗೆ. ಭೌತಶಾಸ್ತ್ರ ಎರಡಕ್ಕೂ ಒಂದೇ.

ಗುಂಡಿಗಳ ಲೆಕ್ಕ ಇನ್ನೂ ಸೊಗಸು. ನಡುವಿನದನ್ನು ಒತ್ತಿದರೆ ಕೊಳವೆಗೆ ಇನ್ನೊಂದು ತುಂಡು ಸೇರಿ ಶ್ರುತಿ ಒಂದು ಸ್ವರಸ್ಥಾನ ಇಳಿಯುತ್ತದೆ, ಮೊದಲನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಎಲ್ಲ ಒತ್ತಿದರೆ ಆರು. ಸ-ಪ ನಡುವೆ ತುಂಬಿಸಬೇಕಾದ ಸ್ಥಾನಗಳೂ ಸರಿಯಾಗಿ ಆರೇ! 1818ರಲ್ಲಿ ಪ್ರಶ್ಯದಲ್ಲಿ ಸ್ಟೋಲ್ಟ್ಸೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ವಾಲ್ವಿಗೆ ಪೇಟೆಂಟ್ ಪಡೆದ ಮೇಲೆಯೇ ಇದು ಸಾಧ್ಯವಾದದ್ದು. ಅಲ್ಲಿಯವರೆಗೆ ಯುರೋಪಿನ ಟ್ರಂಪೆಟ್ಟೂ ಹೆಚ್ಚುಕಡಿಮೆ ನಮ್ಮ ಕೊಂಬೇ.

ಇದರಿಂದ ಆಗುವ ಫಜೀತಿ ನೋಡಿ. ಬೆರಳು ಒಂದೇ ಜಾಗದಲ್ಲಿದ್ದರೂ ಬರಬಹುದಾದ ಸ್ವರ ನಾಲ್ಕಾರು. ಯಾವುದು ಬರಬೇಕೆಂದು ತೀರ್ಮಾನ ಮಾಡುವುದು ತುಟಿ, ತುಟಿಗೆ ಹೇಳಿಕೊಡುವುದು ಕಿವಿ. ಸ್ವರವನ್ನು ತಲೆಯೊಳಗೆ ಮೊದಲೇ ಕೇಳಿಸಿಕೊಳ್ಳದವನು ಪಕ್ಕದ ಮೆಟ್ಟಿಲಿಗೆ ಕಾಲಿಡುತ್ತಾನೆ. ಜನರ ಎದುರು ಟ್ರಂಪೆಟ್ 'ಒಡೆಯುವುದು' ಹೆಚ್ಚಾಗಿ ಹೀಗೆ. ಮೌತ್‌ಪೀಸಿನಲ್ಲಿ ಭಜನೆ ಊದಿ ನೋಡುವುದು ಅದಕ್ಕಾಗಿ. ಬೆರಳಿನ ಆಸರೆ ಇಲ್ಲದೆ ರಾಗ ಹಿಡಿದರೆ ಆಸರೆ ಇದ್ದಾಗ ತಪ್ಪುವುದು ಅಪರೂಪ.

ಇಷ್ಟಾದ ಮೇಲೆ ವಾದ್ಯ ಕೈಗೆ. ಮೊದಲ ಸ್ವರ ಮಧ್ಯದ ಪಂಚಮ, ಗುಂಡಿ ಮುಟ್ಟದೆ, ಮೆಲ್ಲಗೆ, ಉಸಿರು ಇರುವಷ್ಟು ಹೊತ್ತು. ಇದಕ್ಕೆ ಲಾಂಗ್ ಟೋನ್ ಎಂದು ಹೆಸರು. ಕರ್ನಾಟಕ ಸಂಗೀತ ಕಲಿತವರಿಗೆ ಬೆಳಗಿನ ಅಕಾರ ಸಾಧನೆ ನೆನಪಾದರೆ ಸರಿಯೇ. ಹೊರಗಿನವರಿಗೆ ಇದು ಬೇಸರದ ಪರಮಾವಧಿ. ಒಳಗಿರುವವರಿಗೆ ಮಾತ್ರ ಕೈತುಂಬ ಕೆಲಸ: ಸ್ವರ ಹುಟ್ಟುವಾಗ ಗಾಳಿ ಮೊದಲು ಬಂತೋ ನಾದ ಮೊದಲು ಬಂತೋ, ನಡುವೆ ಎಲ್ಲಿ ನಡುಕ, ಉಸಿರು ಮುಗಿಯುವಾಗ ಶ್ರುತಿ ಜಾರಿತೋ, ಭುಜ ಮೇಲೆದ್ದಿತೋ. ಉಸಿರು ಎದೆಯ ಮೇಲ್ಭಾಗದಿಂದ ಬಂದರೆ ಕುತ್ತಿಗೆ ಬಿಗಿಯುತ್ತದೆ, ಕುತ್ತಿಗೆ ಬಿಗಿದರೆ ನಾದ ತೆಳ್ಳಗಾಗುತ್ತದೆ. ಹೊಟ್ಟೆ, ಪಕ್ಕೆ ಅರಳಬೇಕು. ಪಂಚಮದಿಂದ ಒಂದೊಂದೇ ಸ್ಥಾನ ಕೆಳಗಿಳಿಯುವುದು ರೂಢಿ. ಮೇಲಿನ ಸ್ವರಗಳಿಗೆ ಅವಸರವಿಲ್ಲ; ಬೆಳಿಗ್ಗೆಯೇ ತಾರಸ್ಥಾಯಿಗೆ ಹಾರುವವರ ಬ್ಯಾಂಡು ಮಧ್ಯಾಹ್ನದ ಊಟದ ಹೊತ್ತಿಗೆ ಮಂಕಾಗಿರುತ್ತದೆ.

ಮುಂದಿನದು ಲಿಪ್ ಸ್ಲರ್. ಬೆರಳು ಅಲುಗಿಸದೆ, ನಾಲಗೆ ತಾಗಿಸದೆ ಸ-ಪ-ಸ-ಪ, ಆಮೇಲೆ ಪ-ಸ-ಗ-ಸ ಎಂದು ಒಂದೇ ಉಸಿರಿನಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು. ಬಾಯೊಳಗೆ ನಾಲಗೆ ಕೆಳಗೆ ಇಳಿಯುವಾಗ 'ಆ', ಮೇಲೇರುವಾಗ 'ಈ' ಹೇಳುವಂತೆ ಬೆನ್ನು ಎತ್ತುತ್ತದೆ. ನನ್ನ ಮಟ್ಟಿಗೆ ಟ್ರಂಪೆಟ್ಟಿನ ಮೂಲಪಾಠವೆಲ್ಲ ಇದರಲ್ಲೇ ಇದೆ. ಗುಂಡಿ ಒತ್ತಲು ವಾರದಲ್ಲಿ ಕಲಿಯಬಹುದು. ಪಂಚಮದಿಂದ ಷಡ್ಜಕ್ಕೆ ಬಿರುಕಿಲ್ಲದೆ ದಾಟುವ ತುಟಿಗೆ ತಿಂಗಳುಗಳು ಬೇಕು, ಎರಡು ದಿನ ಬಿಟ್ಟರೆ ಅದು ಮರೆಯಲು ಶುರುಮಾಡುತ್ತದೆ.

ನಾಲಗೆಯ ಪಾಠ ನಮ್ಮವರಿಗೆ ಸುಲಭವಾಗಬೇಕು. 'ತು' ಎಂದು ಸ್ವರ ತೆರೆಯುವುದು, ವೇಗ ಬೇಕಾದಾಗ 'ತು-ಕು, ತು-ಕು', ಮೂರರ ಗತಿಗೆ 'ತು-ತು-ಕು'. ನಾಗಸ್ವರದವರ ತುತ್ತುಕಾರವೂ ಇದೇ ಜಾತಿಯದು. ಜಂಟಿ ವರಸೆಯನ್ನು ಟ್ರಂಪೆಟ್ಟಿನಲ್ಲಿ ಊದಿಸಿದರೆ ಎರಡನೆಯ ಸ್ವರಕ್ಕೆ ಒತ್ತು ಕೊಡುವ ಅಭ್ಯಾಸವೂ, ನಾಲಗೆಯ ಕಸರತ್ತೂ ಒಟ್ಟಿಗೆ ಆಗುತ್ತದೆ. ಯಾಕೆ ಹೆಚ್ಚು ಜನ ಮಾಡುವುದಿಲ್ಲವೋ! ಬಂಟ್ವಾಳದ ಸಜಿಪಮೂಡದಿಂದ ಬಂದ ಕದ್ರಿ ಗೋಪಾಲನಾಥರು ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ, ಅದಕ್ಕೆ ಕರ್ನಾಟಕ ಸಂಗೀತ ಕಲಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯವರೆಗೆ ಒಯ್ದರು. ಇಂದು ತುಳುನಾಡಿನ ದೇವಸ್ಥಾನ, ಕೋಲ, ಮದುವೆಗಳಲ್ಲಿ ಸ್ಯಾಕ್ಸೊಫೋನ್ ಊರಿನದೇ ವಾದ್ಯ. ಅದೇ ಬ್ಯಾಂಡಿನ ಟ್ರಂಪೆಟ್ಟಿಗೆ ಅಂಥ ಭಾಗ್ಯ ಬರಲಿಲ್ಲ. ಗಮಕಕ್ಕೆ ಅದು ಸುಲಭವಾಗಿ ಬಗ್ಗುವುದಿಲ್ಲ ಎಂಬುದು ನಿಜ, ಆದರೆ ವರಸೆಗಳಿಗೆ ಯಾವ ಅಡ್ಡಿಯೂ ಇಲ್ಲ.

ಪುಸ್ತಕ ಬೇಕೆನ್ನುವವರಿಗೆ ಎರಡು ಸಾಕು. ಪ್ಯಾರಿಸ್ಸಿನ ಕಾನ್ಸರ್ವೇಟರಿಯಲ್ಲಿ ಕಾರ್ನೆಟ್ ಕಲಿಸಿದ ಅರ್ಬಾನ್ 1864ರಲ್ಲಿ ಹೊರತಂದ ದಪ್ಪ ಪಾಠಪುಸ್ತಕ ಇಂದಿಗೂ ಟ್ರಂಪೆಟ್ ಕಲಿಯುವವರ ಬೈಬಲ್ಲು. ಇನ್ನೊಂದು, ಸೂಸಾ ಬ್ಯಾಂಡಿನ ಹರ್ಬರ್ಟ್ ಕ್ಲಾರ್ಕ್ 1912ರಲ್ಲಿ ಪ್ರಕಟಿಸಿದ ತಾಂತ್ರಿಕ ಅಭ್ಯಾಸಗಳು. ಕ್ಲಾರ್ಕನ ಮೊದಲ ಪಾಠ ಹತ್ತಿರ ಹತ್ತಿರದ ಸ್ವರಗಳಲ್ಲಿ ಏರಿಳಿಯುವ ಒಂದು ಸಣ್ಣ ಸರಣಿ, ಒಂದೇ ಉಸಿರಿನಲ್ಲಿ ಮತ್ತೆ ಮತ್ತೆ. ಅದರ ಜೀವಾಳ ಒಂದೇ: ಪಿಸುಮಾತಿನಷ್ಟು ಮೆಲ್ಲಗೆ ನುಡಿಸುವುದು. ಜೋರಾಗಿ ಊದುವಾಗ ಗಾಳಿಯ ರಭಸ ತುಟಿಯ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಮೆಲ್ಲಗೆ ಊದುವಾಗ ತಪ್ಪು ಅಡಗಲು ಜಾಗವಿಲ್ಲ.

ಮೆಲ್ಲಗೆ ಎಂಬ ಮಾತಿಗೆ ನಮ್ಮ ಜಾಗಗಳೂ ಒಂದೊಂದು ರೀತಿ ಅಡ್ಡ ಬರುತ್ತವೆ. ಕಾಪುವಿನ ಕಡಲತೀರದಲ್ಲಿ ದೀಪಸ್ತಂಭದ ಬುಡದಲ್ಲಿ ನಿಂತು ಊದಬೇಕೆಂಬ ಆಸೆ ಯಾರಿಗಿಲ್ಲ ಹೇಳಿ ಮಾರಾಯ್ರೆ? ಆದರೆ ಅಲ್ಲಿ ಗೋಡೆಯಿಲ್ಲ. ನಾದ ಹೋದದ್ದು ಹೋದದ್ದೇ, ಕಿವಿಗೆ ವಾಪಸು ಬರುವುದಿಲ್ಲ. ತನ್ನದು ತನಗೆ ಕೇಳದೆ ಕಲಿಯುವ ಹುಡುಗ ಇನ್ನೂ ಜೋರಾಗಿ ಊದುತ್ತಾನೆ, ಮೌತ್‌ಪೀಸನ್ನು ತುಟಿಗೆ ಅದುಮುತ್ತಾನೆ. ಮೇಲಾಗಿ ಉಪ್ಪುಗಾಳಿ ಹಿತ್ತಾಳೆಗೆ ಒಳ್ಳೆಯದಲ್ಲ. ಹೋಗಿ ಬಂದ ದಿನ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ವಾಲ್ವಿಗೆ ಎಣ್ಣೆ ಬಿಡಲೇಬೇಕು. ಮಣಿಪಾಲದ ಹಾಸ್ಟೆಲಿನ ಕಷ್ಟ ತದ್ವಿರುದ್ಧ: ಗೋಡೆಯಾಚೆ ಪರೀಕ್ಷೆಗೆ ಓದುವವರಿದ್ದಾರೆ. ಬೆಲ್ಲಿಗೆ ಸಿಕ್ಕಿಸುವ ಪ್ರಾಕ್ಟೀಸ್ ಮ್ಯೂಟ್ ಸಿಗುತ್ತದೆ, ಸದ್ದು ಬಹಳಷ್ಟು ಇಳಿಯುತ್ತದೆ. ಆದರೆ ಗಾಳಿಗೆ ತಡೆ ಹೆಚ್ಚಾಗಿ ತಳ್ಳುವ ಅಭ್ಯಾಸ ಬೆಳೆಯುವುದರಿಂದ ಅದನ್ನೇ ನೆಚ್ಚಬಾರದು. ಕಪಾಟಿನಲ್ಲಿ ನೇತುಹಾಕಿದ ಬಟ್ಟೆಗಳ ಕಡೆ ಬೆಲ್ ತಿರುಗಿಸಿ ಊದುವುದು ಹಳೆಯ ಉಪಾಯ. ಕಾರ್ಕಳ ಕಡೆಯ ಹೆಂಚಿನ ಮನೆಯ ಚಾವಡಿ ಇದ್ದವರು ಪುಣ್ಯವಂತರು: ನಾದ ಹದವಾಗಿ ಮರಳುತ್ತದೆ.

ಅದುಮುವ ಮಾತು ಬಂತು. ತುಟಿ ದಣಿದಾಗ ಮೇಲಿನ ಸ್ವರ ಬರುವುದಿಲ್ಲ, ಬರಿಸಲು ಕೈ ತಾನಾಗಿಯೇ ಮೌತ್‌ಪೀಸನ್ನು ಒತ್ತುತ್ತದೆ. ಒತ್ತಿದರೆ ಸ್ವರ ಬರುತ್ತದೆ, ಅದೇ ಅಪಾಯ. ರಕ್ತ ಓಡಾಡದ ತುಟಿ ಇನ್ನಷ್ಟು ಬೇಗ ಸೋಲುತ್ತದೆ. ಲೂಯಿ ಆರ್ಮ್‌ಸ್ಟ್ರಾಂಗ್‌ನಂಥ ಮಹಾನುಭಾವನೇ ತಾರಸ್ಥಾಯಿಯ ಮೇಲಿನ ಪ್ರೀತಿಯಿಂದ ತುಟಿ ಒಡೆದುಕೊಂಡು 1930ರ ದಶಕದಲ್ಲಿ ತಿಂಗಳುಗಟ್ಟಲೆ ವಾದ್ಯ ಕೆಳಗಿಡಬೇಕಾಯಿತು. ತುಟಿಯ ಸ್ನಾಯು ಹರಿಯುವ ಗಾಯಕ್ಕೆ ವೈದ್ಯರು ಅವನ ಅಡ್ಡಹೆಸರನ್ನೇ ಇಟ್ಟಿದ್ದಾರೆ. ಆದ್ದರಿಂದ ಅಭ್ಯಾಸದಲ್ಲಿ ಊದಿದಷ್ಟೇ ಹೊತ್ತು ವಿರಾಮ ಎಂಬ ನಿಯಮವಿದೆ. ಎರಡು ನಿಮಿಷ ಊದಿದರೆ ಎರಡು ನಿಮಿಷ ವಾದ್ಯ ಮಡಿಲಲ್ಲಿ. ಆ ಹೊತ್ತಿನಲ್ಲಿ ಮುಂದಿನದನ್ನು ಬಾಯಲ್ಲಿ ಹಾಡಿಕೊಳ್ಳಬಹುದು.

ಇದಕ್ಕೆಲ್ಲ ನಮ್ಮ ಊರಿನಲ್ಲಿ ಒಂದು ಋತುವೇ ಇದೆ. ಮೇ ಕೊನೆಯ ಪತ್ತನಾಜೆಗೆ ಜಾತ್ರೆ, ಕೋಲ, ಯಕ್ಷಗಾನದ ತಿರುಗಾಟ ಎಲ್ಲ ಗೆಜ್ಜೆ ಬಿಚ್ಚುತ್ತವೆ. ಮಳೆ ಹಿಡಿದ ಮೇಲೆ ಮೆರವಣಿಗೆಗಳೂ ಕಡಿಮೆ. ಆಟಿಯ ಮಳೆ ಹೆಂಚಿನ ಮೇಲೆ ಸುರಿಯುವಾಗ ನೆರೆಮನೆಯವರಿಗೂ ತೊಂದರೆಯಿಲ್ಲ, ಲಾಂಗ್ ಟೋನಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಬೇಡ. ಕಲಿಯುವ ಮಕ್ಕಳನ್ನು ಒಮ್ಮೆಲೇ ಒಂದು ಗಂಟೆ ಕೂರಿಸುವುದಕ್ಕಿಂತ ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಹೆಚ್ಚು ಫಲ. 'ಸಿನೆಮಾ ಹಾಡು ಯಾವಾಗ ಸರ್?' ಎಂದು ಅವರು ಕೇಳಿಯೇ ಕೇಳುತ್ತಾರೆ. ಕೊನೆಯ ಐದು ನಿಮಿಷ ಹಾಡು ಕೊಡಿ, ಸಿಟ್ಟು ಮಾಡಬೇಡಿ.

ಹಬ್ಬದ ದಿನ ಇಷ್ಟೆಲ್ಲ ಮಾಡಲು ವ್ಯವಧಾನವಿರುವುದಿಲ್ಲ. ವ್ಯಾನಿನಿಂದ ಇಳಿದು, ಸಮವಸ್ತ್ರದ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಮೆರವಣಿಗೆಗೆ ಕರೆ ಬರುತ್ತದೆ. ಆಗ ಹತ್ತು ನಿಮಿಷ ಸಿಕ್ಕಿದರೆ ಮೌತ್‌ಪೀಸಿಗೆ ಎರಡು, ಮೆಲುದನಿಯ ಲಾಂಗ್ ಟೋನಿಗೆ ಮೂರು, ಸ್ಲರಿಗೆ ಎರಡು, ಉಳಿದದ್ದು ಇಡೀ ಬ್ಯಾಂಡು ಒಂದು ನಿಧಾನದ ಕೀರ್ತನೆಯನ್ನು ಒಟ್ಟಿಗೆ ಊದಿ ಶ್ರುತಿ ಕೂಡಿಸಿಕೊಳ್ಳಲು. ತಾರಸ್ಥಾಯಿಯ ಪರೀಕ್ಷೆ ಬೇಡ, ಅದು ರಸ್ತೆಯಲ್ಲಿ ಹೇಗೂ ಆಗುತ್ತದೆ. ರಾತ್ರಿ ಎಲ್ಲ ಮುಗಿದು ವಾದ್ಯ ಪೆಟ್ಟಿಗೆಗೆ ಹೋಗುವ ಮೊದಲು ಕೆಳಗಿನ ಸ್ವರಗಳಲ್ಲಿ ಮೂರು ನಿಮಿಷ ಸಡಿಲವಾಗಿ ಊದಿಬಿಟ್ಟರೆ ತುಟಿಯ ಬಾವು ಇಳಿಯುತ್ತದೆ, ಮರುದಿನ ಬೆಳಿಗ್ಗೆ ಇನ್ನೊಂದು ಮದುವೆ ಇದ್ದರೂ ಪಂಚಮ ತಕರಾರಿಲ್ಲದೆ ಬರುತ್ತದೆ.