ಕಾಡು ಚೆಂಡುಹೂವು

ಮಹಾನವಮಿ, ದೀಪಾವಳಿಗಳಲ್ಲಿ ಬಾಗಿಲ ತೋರಣವಾಗುವ ಚೆಂಡುಹೂವನ್ನು ಅರಿಯದವರಿಲ್ಲ. ಅದು ನಮ್ಮ ನೆಲದ ಮೂಲಸಸ್ಯವಲ್ಲ, ಅಮೆರಿಕಾ ಖಂಡದಿಂದ ಬಂದುದೆಂಬುದನ್ನು ಬಲ್ಲವರು ವಿರಳ. ಅದರ ಕಾಡುಬಂಧುವೊಂದನ್ನು ಇಲ್ಲಿ ಪರಿಚಯಿಸುವುದು ನಮ್ಮ ಉದ್ದೇಶ.

ಇದರ ಶಾಸ್ತ್ರೀಯ ನಾಮ ಟ್ಯಾಜೆಟೀಸ್ ಮಿನೂಟ. 1753ರಲ್ಲಿ ಲಿನೇಯಸ್ ಪಂಡಿತನು ಇಟ್ಟ ಹೆಸರಿದು. ನೇಗಿಲ ಗೆರೆಯಿಂದ ಉದಿಸಿದನೆಂದು ಪ್ರಾಚೀನ ಇಟಲಿಯ ಎಟ್ರಸ್ಕನ್ ಜನರು ನಂಬಿದ್ದ ಟೇಜಸ್ ಎಂಬ ದೈವವೇ ಮೊದಲ ಪದಕ್ಕೆ ಮೂಲವೆನ್ನುತ್ತಾರೆ. ನೇಗಿಲ ಗೆರೆಯಲ್ಲಿ ದೊರೆತ ಸೀತೆಯ ಕಥೆ ಬಲ್ಲ ನಮಗೆ ಇದು ಅಪರಿಚಿತವೆನಿಸದು. ‘ಮಿನೂಟ’ ಎಂದರೆ ಕಿರಿದು. ಆದರೆ ಗಿಡವು ಆಳೆತ್ತರಕ್ಕೂ ಮೀರಿ ಬೆಳೆಯಬಲ್ಲದು. ಕಿರಿದಾಗಿರುವುದು ಹೂವು ಮಾತ್ರ.

ಇದು ಏಕವಾರ್ಷಿಕ ಸಸ್ಯ. ಕಾಂಡ ನೆಟ್ಟಗೆ ನಿಲ್ಲುತ್ತದೆ. ಎಲೆಯು ಗರಿಯಂತೆ ಸೀಳಿ, ಗರಗಸದಂಚಿನ ಕಿರುಎಲೆಗಳಾಗಿರುತ್ತದೆ. ಬೆಳಕಿಗೆ ಹಿಡಿದರೆ ಎಲೆಯಲ್ಲಿ ಚುಕ್ಕೆಗಳು ಕಾಣುತ್ತವೆ, ಅವೇ ತೈಲಗ್ರಂಥಿಗಳು. ಹಿಸುಕಿದೊಡನೆ ಹೊಮ್ಮುವ ಕಟುಗಂಧ ಅವುಗಳದೇ. ನಾವು ಒಂದು ಹೂವೆನ್ನುವುದು ವಾಸ್ತವವಾಗಿ ಹಲವು ಕಿರುಹೂಗಳ ಸಮೂಹ. ಹೊರಗಿನ ಪತ್ರಕಗಳು ಬೆಸೆದು ಸಣ್ಣ ಕೊಳವೆಯಾಗಿ, ಅದರ ತುದಿಯಲ್ಲಿ ಎರಡು ಮೂರು ತಿಳಿಹಳದಿ ಎಸಳುಗಳಷ್ಟೇ ಇಣುಕುತ್ತವೆ. ಬೀಜ ಕಪ್ಪು, ನೀಳ. ತುದಿಯ ಬಿರುಗೂದಲುಗಳಿಂದ ಬಟ್ಟೆಗೂ ಪಶುರೋಮಕ್ಕೂ ಅಂಟಿ ದೂರ ಸಾಗುತ್ತದೆ.

ಇದರ ತವರು ದಕ್ಷಿಣ ಅಮೆರಿಕಾ. ಪೆರು ದೇಶದಲ್ಲಿ ‘ಹುವಾಕಟಾಯ್’ ಎಂಬ ಹೆಸರಿನಿಂದ ಅಡುಗೆಗೆ ಪರಿಮಳ ಕೊಡುವ ಸೊಪ್ಪಿದು. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಆಂಗ್ಲ ಸೇನೆಯ ಕುದುರೆಗಳಿಗೆ ತಂದ ಮೇವಿನೊಡನೆ ಇದರ ಬೀಜವು ದಕ್ಷಿಣ ಆಫ್ರಿಕಾ ಸೇರಿತೆನ್ನುತ್ತಾರೆ. ಸೈನಿಕರ ಉಡುಪಿನ ನೆನಪಿಗೆ ಅಲ್ಲಿ ಇದು ‘ಖಾಕಿ’ ಕಳೆಯಾಯಿತು. ಭಾರತದಲ್ಲಿ ಹಿಮಾಲಯದ ತಪ್ಪಲುಗಳಲ್ಲಿ ತಾನಾಗಿ ಬೆಳೆಯುತ್ತದೆ. ಹಿಮಾಚಲ ಪ್ರದೇಶ, ಉತ್ತರಾಖಂಡಗಳಲ್ಲಿ ಬಟ್ಟಿಯಿಳಿಸಿ ತೆಗೆದ ಇದರ ತೈಲವು ಸುಗಂಧದ್ರವ್ಯಗಳಿಗೆ ಸಲ್ಲುತ್ತದೆ.

ಇದರ ಬೇರಿನಲ್ಲಿರುವ ಗಂಧಕಯುಕ್ತ ಸಂಯುಕ್ತಗಳು ಬೆಳೆಯ ಬೇರನ್ನು ಗಂಟುಗಟ್ಟಿಸುವ ಜಂತುಹುಳುಗಳನ್ನು ನಾಶಮಾಡುತ್ತವೆ. ಆದರೂ ದೋಷಗಳಿಲ್ಲದಿಲ್ಲ: ಕೆಲವರ ಚರ್ಮಕ್ಕೆ ಇದರ ರಸ ಉರಿ ತರುತ್ತದೆ, ಹೊಲಕ್ಕೆ ನುಗ್ಗಿದರೆ ಬೆಳೆಯನ್ನು ಅಡಗಿಸುತ್ತದೆ.

ಒಂದೇ ಗಿಡ ಒಂದೆಡೆ ವ್ಯಂಜನ, ಇನ್ನೊಂದೆಡೆ ಕಳೆ, ಮತ್ತೊಂದೆಡೆ ಜೀವನೋಪಾಯ. ಹೆಸರನ್ನು ಕಂಠಪಾಠ ಮಾಡಿಸುವುದಷ್ಟೇ ವಿದ್ಯೆಯಲ್ಲ. ಕಿತ್ತೆಸೆಯುವ ಮುನ್ನ ಗಿಡವನ್ನು ಕಣ್ಣಾರೆ ನೋಡುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸುವುದು ಶಿಕ್ಷಕರಾದವರ ಕರ್ತವ್ಯ.