ಒತ್ತಬೇಡಿ, ತಿರುಗಿಸಿ!

ಡಿಸ್ಕ್ ಬ್ರೇಕ್ ಡಯಾಗ್ರಾಮ್ ಬಿಡಿಸಿ ಇಂಟರ್ನಲ್ಸ್‌ನಲ್ಲಿ 10ಕ್ಕೆ 9 ತಗೊಂಡವರು ನಾವು. ಆದ್ರೆ ದಸರಾ ರಜೆಯಲ್ಲಿ ನಿಜವಾದ ಡಿಸ್ಕ್ ಬ್ರೇಕ್ ಮುಂದೆ ಕೂತಾಗ ಒಂದೇ ಒಂದು ಪಿಸ್ಟನ್ ನಮ್ಮನ್ನ ಅರ್ಧ ಗಂಟೆ ಆಟ ಆಡಿಸ್ತು.

ನಮ್ಮಿಬ್ಬರಲ್ಲಿ ಒಬ್ಬನ ಮನೆ ಹಾಸನದಲ್ಲಿ. ಅಲ್ಲಿರೋದು 2010ರ ಸೆಕೆಂಡ್ ಹ್ಯಾಂಡ್ ಹೋಂಡಾ ಸಿವಿಕ್. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಹಿಂದಿನ ಬಲ ಚಕ್ರದಿಂದ ಕಿರ್ರ್ ಅಂತ ಸದ್ದು ಬರ್ತಿತ್ತು. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಕಿರುಚಲಿ ಅಂತಾನೇ ಅದರಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇರುತ್ತೆ. ಸೋಮವಾರ ಅಪ್ಪ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಡೋರಿದ್ರು. ಹೋದ ವರ್ಷ ಮುಂದಿನ ಪ್ಯಾಡ್‌ಗಳನ್ನ ಪಕ್ಕದ ಬೀದಿಯ ಮೆಕ್ಯಾನಿಕ್ ಅಣ್ಣನ ಜೊತೆ ಕೂತು ಹಾಕಿದ್ವಿ. ಹಿಂದಿನದೂ ಅಷ್ಟೇ ತಾನೇ ಅಂದುಕೊಂಡ್ವಿ. ಅಷ್ಟೇ ಅಲ್ಲ.

ಹ್ಯಾಂಡ್‌ಬ್ರೇಕ್ ಎಳೆಯೋ ಹಾಗಿಲ್ಲ

ಮೊದಲ ವ್ಯತ್ಯಾಸ ಇಲ್ಲೇ. ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನ. ಅದನ್ನ ಎಳೆದಿಟ್ಟರೆ ಹಿಂದಿನ ಪ್ಯಾಡ್ ಬಿಚ್ಚೋಕಾಗಲ್ಲ, ಬಿಟ್ಟರೆ ಗಾಡಿ ಉರುಳಬಹುದು. ಹಾಗಾಗಿ ಸಮತಟ್ಟಾದ ಜಾಗ ಬೇಕು, ಗಾಡಿ ಫಸ್ಟ್ ಗೇರ್‌ನಲ್ಲಿರಬೇಕು, ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಬೇಕು. ವೀಲ್ ನಟ್‌ಗಳನ್ನ ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿ, ಆಮೇಲೆ ಜಾಕ್ ಏರಿಸಿ. ಬರೀ ಜಾಕ್ ನಂಬಿ ಕೆಲಸ ಶುರು ಮಾಡಬೇಡಿ, ಜಾಕ್ ಸ್ಟ್ಯಾಂಡ್ ಇಡಲೇಬೇಕು.

ಬಿಚ್ಚೋದು

ಚಕ್ರ ತೆಗೆದ್ರೆ ಡಿಸ್ಕನ್ನ ಕಚ್ಚಿಕೊಂಡಿರೋ ಕ್ಯಾಲಿಪರ್ ಕಾಣುತ್ತೆ. ಅದರ ಹಿಂಬದಿಯ ಎರಡು ಬೋಲ್ಟ್ ಬಿಚ್ಚಿದ್ರೆ ಕ್ಯಾಲಿಪರ್ ಕೈಗೆ ಬರುತ್ತೆ. ಬೋಲ್ಟ್ ಜೊತೆ ಸ್ಲೈಡ್ ಪಿನ್ ಕೂಡ ತಿರುಗಿದ್ರೆ ಅದನ್ನ ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡ್ಕೊಳ್ಳಿ. ಕ್ಯಾಲಿಪರನ್ನ ಬ್ರೇಕ್ ಹೋಸ್‌ನಲ್ಲಿ ನೇತಾಡೋಕೆ ಬಿಡಬೇಡಿ, ತಂತಿ ಹಾಕಿ ಸ್ಪ್ರಿಂಗ್‌ಗೆ ಕಟ್ಟಿ. ಕಪ್ಪು ಧೂಳನ್ನ ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಳೇ ಪ್ಯಾಡ್‌ಗಳನ್ನ ಬಿಸಾಕೋ ಮುಂಚೆ ನೋಡಿ. ಒಳಗಿನದು ತೀರಾ ಸವೆದು ಹೊರಗಿನದು ದಪ್ಪ ಉಳಿದಿದ್ರೆ ಸ್ಲೈಡ್ ಪಿನ್ ಜಾಮ್ ಆಗಿರಬಹುದು. ಪಿನ್ ಕ್ಲೀನ್ ಮಾಡಿ ಬ್ರೇಕ್ ಗ್ರೀಸ್ ಹಚ್ಚದಿದ್ರೆ ಹೊಸ ಪ್ಯಾಡೂ ಹಾಗೇ ಸವೆಯುತ್ತೆ. ಎರಡೂ ಕಡೆ ಪ್ಯಾಡ್ ಬದಲಾಯಿಸಲೇಬೇಕು, ಆದ್ರೆ ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆ ಬಿಚ್ಚಿ. ಯಾವುದು ಎಲ್ಲಿತ್ತು ಅಂತ ಮರೆತ್ರೆ ಆ ಕಡೆ ನೋಡಿ ಜೋಡಿಸಬಹುದು.

ಪಿಸ್ಟನ್ ಯಾಕೆ ಒಳಗೆ ಹೋಗಲ್ಲ?

ಹೊಸ ಪ್ಯಾಡ್ ದಪ್ಪ. ಅದಕ್ಕೆ ಜಾಗ ಆಗಬೇಕಂದ್ರೆ ಪಿಸ್ಟನ್ ಹಿಂದೆ ಸರೀಬೇಕು. ಮುಂದಿನ ಕ್ಯಾಲಿಪರ್‌ಗೆ ಸಿ-ಕ್ಲ್ಯಾಂಪ್ ಹಾಕಿ ಬಿಗಿ ಮಾಡಿದ್ರೆ ಸಲೀಸಾಗಿ ಹೋಗಿತ್ತು. ಇಲ್ಲೂ ಅದನ್ನೇ ಹಾಕಿದ್ವಿ. ಕದಲಲಿಲ್ಲ. ಕ್ಲ್ಯಾಂಪ್ ಹಿಡಿಗೆ ಪೈಪ್ ಸಿಕ್ಕಿಸಿ ಇನ್ನೂ ಜೋರಾಗಿ ಒತ್ತೋಣ ಅಂತ ಪೈಪ್ ತಂದೂ ಆಗಿತ್ತು. ಯಾಕೋ ಅನುಮಾನ ಬಂದು ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿದ್ವಿ.

"ಒತ್ತಬೇಡ್ರೋ, ತಿರುಗಿಸ್ರೋ! ಒಳಗಡೆ ತ್ರೆಡ್ ಇದೆ!"

ಕಾರಣ ಇದು. ಮುಂದಿನ ಪಿಸ್ಟನ್‌ಗೆ ಒಂದೇ ಕೆಲಸ: ಬ್ರೇಕ್ ಆಯಿಲ್ ತಳ್ಳಿದಾಗ ಪ್ಯಾಡನ್ನ ಒತ್ತೋದು. ಹಿಂದಿನದಕ್ಕೆ ಎರಡು ಕೆಲಸ. ಕಾಲು ಬ್ರೇಕಿಗೆ ಆಯಿಲ್ ಒತ್ತಡ, ಹ್ಯಾಂಡ್‌ಬ್ರೇಕಿಗೆ ಕೇಬಲ್. ಕೇಬಲ್ ಎಳೆದಾಗ ಕ್ಯಾಲಿಪರ್ ಮೇಲಿನ ಲಿವರ್ ತಿರುಗಿ ಒಳಗಿನ ತ್ರೆಡ್ ಇರೋ ರಾಡ್ ಪಿಸ್ಟನ್ನನ್ನ ಮುಂದೆ ನೂಕುತ್ತೆ. ಪ್ಯಾಡ್ ಸವೆದ ಹಾಗೆಲ್ಲ ಈ ವ್ಯವಸ್ಥೆ ತಾನೇ ಅಡ್ಜಸ್ಟ್ ಆಗಿ, ತ್ರೆಡ್ ಮೇಲೆ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತೆ. ಹಿಂದೆ ಮಾತ್ರ ತಾನಾಗಿ ಬರಲ್ಲ. ಒತ್ತೋದು ಅಂದ್ರೆ ಬೋಲ್ಟ್ ಮೇಲೆ ಕೂತಿರೋ ನಟ್ಟನ್ನ ಸುತ್ತಿಗೆಯಲ್ಲಿ ಹೊಡೆದು ಸರಿಸೋಕೆ ಹೋದ ಹಾಗೆ. ನಾವು ಪೈಪ್ ಹಾಕಿದ್ದಿದ್ರೆ ಆ ಕ್ಯಾಲಿಪರೇ ಹಾಳಾಗ್ತಿತ್ತು.

ಪಿಸ್ಟನ್ ಮುಖದಲ್ಲಿ ಪ್ಲಸ್ ಆಕಾರದ ಗಾಡಿ ಇರುತ್ತೆ. ನೋಸ್ ಪ್ಲೈಯರ್ ತುದಿ ಅದರಲ್ಲಿ ಕೂರಿಸಿ ನಿಧಾನಕ್ಕೆ ಗಡಿಯಾರದ ದಿಕ್ಕಿಗೆ ತಿರುಗಿಸಿದ್ವಿ. ಒಳಗೆ ಹೋಯ್ತು! ಇದಕ್ಕೆ ಅಂತಾನೇ ಟೂಲ್ ಸಿಗುತ್ತೆ, ಅದಿದ್ರೆ ಇನ್ನೂ ಸುಲಭ. ರಬ್ಬರ್ ಬೂಟ್ ತಿರುಚಿಕೊಳ್ಳದ ಹಾಗೆ ನೋಡ್ಕೊಳ್ಳಿ. ಪಿಸ್ಟನ್ ಹಿಂದೆ ಹೋದಾಗ ಬಾನೆಟ್ ಒಳಗಿನ ಡಬ್ಬಿಯಲ್ಲಿ ಆಯಿಲ್ ಮೇಲೇರುತ್ತೆ. ಚೆಲ್ಲಿದ್ರೆ ಪೇಂಟ್ ಹಾಳು, ಅದಕ್ಕೇ ಸುತ್ತ ಬಟ್ಟೆ ಹಾಕಿ.

ಕೊನೆಗೆ ಒಳಗಿನ ಪ್ಯಾಡ್ ಬೆನ್ನಲ್ಲಿರೋ ಸಣ್ಣ ಗುಬುಟು ಪಿಸ್ಟನ್ನಿನ ಆ ಗಾಡಿಯಲ್ಲೇ ಕೂರಬೇಕು. ಬ್ರೇಕ್ ಹಾಕಿದಾಗ ಪಿಸ್ಟನ್ ತಿರುಗದ ಹಾಗೆ ತಡೆಯೋದು ಅದೇ. ಗ್ರೀಸ್ ಪ್ಯಾಡಿನ ಉಜ್ಜೋ ಮುಖಕ್ಕಾಗಲಿ ಡಿಸ್ಕಿಗಾಗಲಿ ತಾಗಲೇಬಾರದು. ವೀಲ್ ನಟ್‌ಗಳನ್ನ ಎದುರುಬದುರಾಗಿ ಬಿಗಿ ಮಾಡಿ. ಸಿವಿಕ್‌ಗೆ 108 ನ್ಯೂಟನ್ ಮೀಟರ್.

ಪೆಡಲ್ ನೆಲ ಮುಟ್ಟಿತು

ಎಲ್ಲಾ ಮುಗೀತು ಅಂತ ಕೈ ತೊಳೆಯೋಕೆ ಹೋದ್ವಿ. ಅಷ್ಟರಲ್ಲಿ ಅಪ್ಪ ಗಾಡಿ ತೆಗೀತೀನಿ ಅಂತ ಕೂತು, ಸ್ಟಾರ್ಟ್ ಮಾಡೋ ಮುಂಚೆ ಬ್ರೇಕ್ ಒತ್ತಿದ್ರು. ಪೆಡಲ್ ಸೀದಾ ಕೆಳಗೆ ಹೋಯ್ತು.

"ಏನ್ರೋ ಇದು, ಬ್ರೇಕೇ ಇಲ್ವಲ್ರೋ?"

ನಮ್ಮ ಎದೆ ಧಸಕ್ ಅಂತು. ಪಿಸ್ಟನ್ನನ್ನ ನಾವೇ ಪೂರ್ತಿ ಹಿಂದೆ ಕಳಿಸಿದ್ವಿ, ಪ್ಯಾಡಿಗೂ ಅದಕ್ಕೂ ನಡುವೆ ಸಂದು ಉಳಿದಿತ್ತು. ಮೊದಲ ಕೆಲವು ಸಲ ಒತ್ತಿದ್ದು ಆ ಸಂದು ತುಂಬೋಕೇ ಖರ್ಚಾಗುತ್ತೆ. ಹೋದ ವರ್ಷ ಮೆಕ್ಯಾನಿಕ್ ಅಣ್ಣ ಗಾಡಿಯಲ್ಲಿ ಕೂತು ಸುಮ್ನೆ ಪೆಡಲ್ ಪಂಪ್ ಮಾಡಿದ್ರಲ್ಲ, ಅದು ಯಾಕೆ ಅಂತ ಆಗ ನಾವು ಕೇಳಿರಲಿಲ್ಲ. ಹತ್ತು ಸಲ ಪಂಪ್ ಮಾಡಿದ್ಮೇಲೆ ಪೆಡಲ್ ಗಟ್ಟಿಯಾಯ್ತು. ಹ್ಯಾಂಡ್‌ಬ್ರೇಕ್ ಕೂಡ ನಾಲ್ಕೈದು ಸಲ ಎಳೆದು ಬಿಟ್ವಿ, ಆಯಿಲ್ ಮಟ್ಟ ನೋಡಿದ್ವಿ. ಪಂಪ್ ಮಾಡಿದ ಮೇಲೂ ಪೆಡಲ್ ಮೆತ್ತಗೇ ಇದ್ರೆ ಗಾಡಿ ಗೇಟ್ ದಾಟಬಾರದು, ಮೆಕ್ಯಾನಿಕ್ಕನ್ನೇ ಮನೆಗೆ ಕರೀರಿ.

ಅವತ್ತು ಸಂಜೆ ಖಾಲಿ ರಸ್ತೆಯಲ್ಲಿ ಸುಮಾರು 50 ಕಿ.ಮೀ. ವೇಗದಿಂದ 10ಕ್ಕೆ ಇಳಿಸೋದು, ನಡುವೆ ಸ್ವಲ್ಪ ಆರೋಕೆ ಬಿಡೋದು, ಹೀಗೆ ಎಂಟು ಸಲ ಮಾಡಿ ಹೊಸ ಪ್ಯಾಡನ್ನ ಡಿಸ್ಕಿಗೆ ಹೊಂದಿಸಿದ್ವಿ.

ಒಂದು ಮಾತು. ನಮ್ಮಲ್ಲಿ ಬಹಳಷ್ಟು ಸಣ್ಣ ಕಾರುಗಳಿಗೆ ಹಿಂದೆ ಡ್ರಮ್ ಬ್ರೇಕ್ ಇರುತ್ತೆ, ಅದರ ಕಥೆಯೇ ಬೇರೆ. ಬಟನ್ ಒತ್ತೋ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ರೆ ಮೊದಲು ಅದನ್ನ ಸರ್ವಿಸ್ ಮೋಡ್‌ಗೆ ಹಾಕಬೇಕು, ಹೀಗೆ ಕೈ ಹಾಕೋ ಹಾಗಿಲ್ಲ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ನೋಡದೆ ಒಂದು ನಟ್ಟೂ ಬಿಚ್ಚಬೇಡಿ.

ಸೋಮವಾರ ರಾತ್ರಿ ಅಪ್ಪ ಧರ್ಮಸ್ಥಳದಿಂದ ಫೋನ್ ಮಾಡಿದ್ರು. "ಬ್ರೇಕ್ ಚೆನ್ನಾಗಿ ಹಿಡೀತಿದೆ ಕಣ್ರೋ. ಆದ್ರೂ ಹೊರಡೋ ಮುಂಚೆ ನಾನೊಂದು ಹತ್ತು ಸಲ ಪಂಪ್ ಮಾಡ್ಕೊಂಡೇ ಹೊರಟಿದ್ದು!"